ಮುಟ್ಟಿದ್ದು ಗೊತ್ತಾದ್ರೆ ಇಂಜೆಕ್ಷನ್ ಹಿಡಿದಿಲ್ಲ ಅಂತಲ್ಲ

ಮೆಣಸಿನ ಕೊಯ್ಲು ಶುರುವಾದರೆ ನಮ್ಮ ಆಪರೇಷನ್ ಥಿಯೇಟರಿಗೂ ಸುಗ್ಗಿ. ಸಕಲೇಶಪುರ, ಆಲೂರು ಕಡೆಯಿಂದ ಏಣಿ ಜಾರಿ ಮಣಿಕಟ್ಟು ಮುರಿದುಕೊಂಡವರು ಹಾಸನಕ್ಕೆ ಬರುತ್ತಾರೆ. ಇಂಥವರಿಗೆ ಪೂರ್ತಿ ಪ್ರಜ್ಞೆ ತಪ್ಪಿಸುವ ಬದಲು ಕೈಯೊಂದನ್ನೇ ಮರಗಟ್ಟಿಸಿದರೆ ಎಷ್ಟೋ ಸಲ ಸಾಕಾಗುತ್ತೆ. ಸ್ಕ್ಯಾನಿಂಗ್‌ನಲ್ಲಿ ನೋಡಿಕೊಂಡು, ಕತ್ತಿನ ಬುಡದಲ್ಲಿ ನರಗಳ ಗೊಂಚಲಿನ ಸುತ್ತ ಔಷಧಿ ಬಿಡುತ್ತೇನೆ.

ಸೂಜಿ ತೆಗೆದು ಎರಡು ನಿಮಿಷ ಆಗಿರಲ್ಲ, ಆಗಲೇ ಇನ್ನೊಂದು ಕೈಯಿಂದ ಚಿವುಟಿಕೊಂಡು ನೋಡುತ್ತಾರೆ. "ಡಾಕ್ಟ್ರೇ, ಹಿಡಿದೇ ಇಲ್ಲ! ಎಲ್ಲಾ ಗೊತ್ತಾಗ್ತಿದೆ!"

ಯಜಮಾನ್ರೇ, ಸ್ವಲ್ಪ ತಡೀರಿ.

ನರದಲ್ಲಿ ಸುದ್ದಿ ಓಡೋದು ಸೋಡಿಯಂನಿಂದ. ನಾವು ತಿನ್ನೋ ಉಪ್ಪಿನಲ್ಲಿದೆಯಲ್ಲ, ಅದೇ. ನರದ ಎಳೆಯ ಗೋಡೆಯಲ್ಲಿ ಪುಟ್ಟ ಪುಟ್ಟ ಬಾಗಿಲುಗಳಿವೆ. ಒಂದು ತೆರೆದು ಸೋಡಿಯಂ ಒಳಗೆ ನುಗ್ಗಿದರೆ, ಅದರಿಂದೆದ್ದ ವಿದ್ಯುತ್ತಿಗೆ ಮುಂದಿನದು ತೆರೆಯುತ್ತೆ. ಹೀಗೇ ನೋವಿನ ಸುದ್ದಿ ಮೇಲಕ್ಕೆ ಹೋಗುತ್ತೆ. ನಾವು ಮರಗಟ್ಟಿಸಲು ಕೊಡುವ ಲಿಗ್ನೋಕೇನ್, ಬ್ಯುಪಿವಕೇನ್ ಎಂಬ ಔಷಧಿಗಳು ಆ ಬಾಗಿಲಿಗೆ ಅಗಳಿ ಹಾಕುತ್ತವೆ, ಅಷ್ಟೇ. ನರ ಸಾಯಲ್ಲ.

ಆದರೆ ಅಗಳಿ ಇರೋದು ಒಳಗಡೆ! ನಾನು ಔಷಧಿ ಬಿಡೋದು ಹೊರಗಡೆ. ಅದು ಮೊದಲು ಗೋಡೆ ದಾಟಬೇಕು. ಗೋಡೆ ಕೊಬ್ಬಿನದು, ವಿದ್ಯುದಂಶ ಹೊತ್ತ ಕಣವನ್ನು ಸುಲಭಕ್ಕೆ ಬಿಡಲ್ಲ. ಔಷಧಿಯಲ್ಲಿ ವಿದ್ಯುದಂಶ ಇಲ್ಲದ ಪಾಲು ಮಾತ್ರ ನುಸುಳಿ ಹೋಗಿ, ಒಳಗೆ ಮತ್ತೆ ವಿದ್ಯುದಂಶ ಹೊತ್ತು, ಆಮೇಲೆ ಅಗಳಿ ಹಾಕುತ್ತೆ. ಬ್ಯುಪಿವಕೇನ್‌ಗೆ ಇದಕ್ಕೆಲ್ಲ 15ರಿಂದ 30 ನಿಮಿಷ ಬೇಕಾಗಬಹುದು. ಉಗುರುಸುತ್ತಾಗಿ ಕೀವು ತುಂಬಿದ ಬೆರಳಿಗೆ ಅಲ್ಲೇ ಚುಚ್ಚಿದರೆ ಸರಿಯಾಗಿ ಹಿಡಿಯದಿರೋದೂ ಇದಕ್ಕೇ. ಕೀವಿರುವ ಕಡೆ ಆಮ್ಲ ಜಾಸ್ತಿ, ನುಸುಳುವ ಪಾಲು ಕಡಿಮೆಯಾಗುತ್ತೆ. ಹಾಗಾಗಿ ಕೀವಿನಿಂದ ದೂರ, ಮೇಲ್ಗಡೆ ಚುಚ್ಚುತ್ತೇವೆ.

ಇನ್ನು, ನೋವು ಬೇರೆ, ಮುಟ್ಟಿದ್ದು ಗೊತ್ತಾಗೋದು ಬೇರೆ. ಎರಡರ ಎಳೆಗಳೂ ಬೇರೆ. ನೋವಿನ ಎಳೆ ತೆಳು, ಸ್ಪರ್ಶದ್ದು ದಪ್ಪ. ದಪ್ಪ ಎಳೆಗೆ ಹೊದಿಕೆಯಿದೆ, ನಡುನಡುವೆ ಗ್ಯಾಪ್ ಇರುತ್ತೆ. ಹಳ್ಳ ದಾಟುವಾಗ ಕಲ್ಲಿಂದ ಕಲ್ಲಿಗೆ ಹಾರ್ತೀವಲ್ಲ, ಸುದ್ದಿ ಹಾಗೆ ಗ್ಯಾಪಿಂದ ಗ್ಯಾಪಿಗೆ ಹಾರಿಕೊಂಡು ಹೋಗುತ್ತೆ. ಒಂದು ಕಲ್ಲು ಮುಳುಗಿದರೂ ಹಾರಿಬಿಡುತ್ತೆ. ಸಾಲಾಗಿ ಮೂರು ಮುಳುಗಿದರೆ ಆಗಲ್ಲ. ದಪ್ಪ ಎಳೆಯಲ್ಲಿ ಕಲ್ಲುಗಳು ದೂರ ದೂರ, ಅಷ್ಟು ಉದ್ದಕ್ಕೂ ಔಷಧಿ ಹರಡಬೇಕು. ಹಾಗಾಗಿ ಸಾಮಾನ್ಯವಾಗಿ ನೋವು ಮೊದಲು ಹೋಗುತ್ತೆ, ಸ್ಪರ್ಶ ಆಮೇಲೆ. ಕೆಲವರಲ್ಲಿ ಪೂರ್ತಿ ಹೋಗೋದೇ ಇಲ್ಲ. ಎಲ್ಲರಲ್ಲೂ ಇದೇ ಕ್ರಮ ಅಂತ ನಾನೇನೂ ಬರೆದುಕೊಡಲಾರೆ.

ಅದಕ್ಕೇ ನಾನು ಚಿವುಟಲ್ಲ, ಸ್ಪಿರಿಟ್ ಹತ್ತಿ ಇಡುತ್ತೇನೆ. ತಣ್ಣಗಿನ ಸುದ್ದಿಯೂ ನೋವಿನ ಹಾಗೆ ತೆಳು ಎಳೆಯಲ್ಲೇ ಹೋಗೋದು. ಒಬ್ಬರು ಹತ್ತಿಯನ್ನೇ ದಿಟ್ಟಿಸಿ ನೋಡಿ, "ಏನೋ ಇಟ್ಟಿದೀರ. ಆದ್ರೆ ತಣ್ಣಗಿಲ್ವಲ್ಲ!" ಅಂದರು. ನನಗೆ ಬೇಕಾಗಿದ್ದೂ ಅದೇ ಮಾತು.

ನಿಜವಾಗಿ ನೋವಾದರೆ ಮಾತ್ರ ಮುಚ್ಚಿಡಬೇಡಿ. ಕೆಲವು ಸಲ ಬ್ಲಾಕ್, ಅಂದ್ರೆ ನರ ಮರಗಟ್ಟಿಸುವ ಈ ಇಂಜೆಕ್ಷನ್, ಸರಿಯಾಗಿ ಕೂರಲ್ಲ, ಬೇರೆ ದಾರಿ ಇದೆ. ಕಿವಿ ಗುಂಯ್ ಅಂದರೆ, ನಾಲಿಗೆ ಜೋಮು ಹಿಡಿದರೆ ಆ ಕ್ಷಣವೇ ಹೇಳಿ, ಔಷಧಿ ರಕ್ತಕ್ಕೆ ಜಾಸ್ತಿ ಸೇರಿರಬಹುದು. ಮನೆಗೆ ಹೋದ ಮೇಲೂ ಕೈ ಗಂಟೆಗಟ್ಟಲೆ ಮರಗಟ್ಟಿರುತ್ತೆ, ಬಚ್ಚಲ ಒಲೆ ಹತ್ತಿರ ಹೋಗಬೇಡಿ. ಸುಟ್ಟರೂ ಗೊತ್ತಾಗಲ್ಲ.

ಇಷ್ಟೆಲ್ಲ ಒಬ್ಬರ ಹೆಂಡತಿಗೆ ಬಿಡಿಸಿ ಹೇಳಿದೆ. ಗಮನವಿಟ್ಟು ಕೇಳಿ, "ಹಂಗಾದ್ರೆ ಇವ್ರಿಗೆ ಉಪ್ಪು ಕಮ್ಮಿ ಮಾಡ್ಬೇಕಾ ಡಾಕ್ಟ್ರೇ?" ಅಂದರು. ಇದಕ್ಕೂ ಅದಕ್ಕೂ ಸಂಬಂಧ ಇಲ್ಲಮ್ಮ ಅಂದೆ. ಆಮೇಲೆ ಕೇಸ್ ಶೀಟ್ ನೋಡಿದೆ. ಬಿಪಿ ಇತ್ತು. ಕಮ್ಮಿ ಮಾಡಿ ಅಂದೆ.