ಸೂಜಿಯ ಮೊನೆ ಈಗ ಎಲ್ಲಿದೆ?

ಹೆರಿಗೆ ನೋವಿನಲ್ಲಿರುವ ತಾಯಿಯ ಬೆನ್ನಿಗೆ ಎಪಿಡ್ಯೂರಲ್ ಅರಿವಳಿಕೆ ಕೊಡುವಾಗ ನಾನು ನೆಚ್ಚಿಕೊಳ್ಳುವುದು ನನ್ನ ಬಲಗೈ ಹೆಬ್ಬೆರಳನ್ನು. ಸೂಜಿಯ ಹಿಂಬದಿಗೆ ಸಲೈನ್ ತುಂಬಿದ ಸಿರಿಂಜ್ ಜೋಡಿಸಿ, ಹೆಬ್ಬೆರಳಿನಿಂದ ಪ್ಲಂಜರ್ ಒತ್ತುತ್ತಾ, ಎಡಗೈಯಿಂದ ಸೂಜಿಯನ್ನು ಕೂದಲೆಳೆಯಷ್ಟೇ ಮುಂದೂಡುತ್ತೇನೆ. ಬೆನ್ನುಮೂಳೆಗಳ ನಡುವಿನ ಹಳದಿ ಅಸ್ಥಿರಜ್ಜು ಎದುರಾದಾಗ ಸಿರಿಂಜ್ ಜಪ್ಪಯ್ಯ ಎಂದರೂ ಜಗ್ಗುವುದಿಲ್ಲ. ಅದನ್ನು ದಾಟಿದ್ದೇ ತಡ, ಬಿಗಿ ತಟ್ಟನೆ ಸಡಿಲವಾಗಿ ಸಲೈನ್ ಸಲೀಸಾಗಿ ಒಳಗಿಳಿಯುತ್ತದೆ. ಮದ್ದು ಸೇರಬೇಕಾದ ಎಪಿಡ್ಯೂರಲ್ ಜಾಗ ಅದೇ. ಇಟಲಿಯ ವೈದ್ಯ ಡೊಗ್ಲಿಯೊಟ್ಟಿ 1930ರ ದಶಕದಲ್ಲಿ ಬಳಕೆಗೆ ತಂದ ಉಪಾಯ ಇದು. ಕಲಿಯಲು ಬಂದವರ ಕೈಗೆ ನಾನು ಮೊದಲು ಕೊಡುವುದು ಬಾಳೆಹಣ್ಣನ್ನು. ಸಿಪ್ಪೆಯ ಬಿಗಿ, ತಿರುಳಿನ ಸಡಿಲ ಬೆರಳಿಗೆ ತಿಳಿಯಲಿ ಎಂದು.

ತೊಡಕೆಂದರೆ, ಬೆರಳು ಸುದ್ದಿ ಹೇಳುವುದು ಗಡಿ ದಾಟಿದ ಮೇಲೆ. ಅಲ್ಲಿಂದ ಕೆಲವೇ ಮಿಲಿಮೀಟರ್ ಆಚೆಗೆ ಮೆದುಳುಬಳ್ಳಿಯನ್ನು ಸುತ್ತುವರಿದ ಡ್ಯೂರಾ ಪೊರೆ. ಅದು ತೂತಾದರೆ ಒಳಗಿನ ದ್ರವ ಸೋರಿ, ಎದ್ದು ಕುಳಿತರೆ ಸಾಕು, ತಲೆ ಸಿಡಿಯತೊಡಗುತ್ತದೆ. 1898ರಲ್ಲಿ ಜರ್ಮನಿಯ ವೈದ್ಯ ಆಗಸ್ಟ್ ಬಿಯರ್ ತಮ್ಮ ಬೆನ್ನಿಗೇ ಸೂಜಿ ಹಾಕಿಸಿಕೊಂಡು, ಸಿರಿಂಜ್ ಸರಿಯಾಗಿ ಕೂರದೆ ದ್ರವ ಸುರಿದು, ದಿನಗಟ್ಟಲೆ ಹಾಸಿಗೆ ಹಿಡಿದಿದ್ದರು. ಗರ್ಭಿಣಿಯರಲ್ಲಿ ಅಸ್ಥಿರಜ್ಜುಗಳು ಮೆದುವಾಗುವುದರಿಂದ ಬೆರಳಿಗೆ ಸಿಗುವ ಸುಳಿವೂ ಮಸುಕು. ಇಷ್ಟು ವರ್ಷಗಳ ಅನುಭವದ ನಂತರವೂ ನಾನು ಮೋಸಹೋಗಿದ್ದೇನೆ.

ಹೆಬ್ಬೆರಳಿನ ಊಹೆಯನ್ನು ಅಳತೆಗೆ ತರುವ ಪ್ರಯತ್ನಗಳು ಹಲವು. ಮೊನೆಯಲ್ಲಿನ ಒತ್ತಡವನ್ನು ತೆರೆಯ ಮೇಲೆ ಗೆರೆಯಾಗಿ ತೋರಿಸುವುದು ಒಂದು. ಇನ್ನೊಂದು ನನಗೆ ಹೆಚ್ಚು ಇಷ್ಟವಾದದ್ದು: ಮೊನೆಯಿಂದ ಅತಿ ಸಣ್ಣ ವಿದ್ಯುತ್ ಹರಿಸಿ, ಅದು ಎಷ್ಟು ಅಡ್ಡಿ ಎದುರಿಸುತ್ತದೆ ಎಂದು ಅಳೆಯುವುದು. ಕೊಬ್ಬು ವಿದ್ಯುತ್ತನ್ನು ಸುಲಭಕ್ಕೆ ಬಿಟ್ಟುಕೊಡುವುದಿಲ್ಲ, ಸ್ನಾಯು ಒಂದಿಷ್ಟು ಬಿಡುತ್ತದೆ, ಉಪ್ಪಿನಂಶದ ಆ ದ್ರವವಂತೂ ಧಾರಾಳಿ. ಹಾಗಾಗಿ ಮೊನೆ ದ್ರವ ಮುಟ್ಟಿದ ಕ್ಷಣವೇ ಗೊತ್ತಾಗುತ್ತದೆ. ಬೇಕೆಂದೇ ಆ ದ್ರವದವರೆಗೆ ಇಳಿಸುವ ಸ್ಪೈನಲ್ ಸೂಜಿಗೆ ಇದು ಸಾಕು, ಫಿನ್ಲೆಂಡಿನ ಇಂಜೆಕ್ ಕಂಪನಿಯ ಸೂಜಿ ಕೆಲಸ ಮಾಡುವುದೇ ಹೀಗೆ. ಆದರೆ ಎಪಿಡ್ಯೂರಲ್‌ನಲ್ಲಿ ದ್ರವ ಮುಟ್ಟಿತೆಂದರೆ ತೂತು ಬಿದ್ದಾಯಿತು. ನಮಗೆ ಬೇಕಿರುವುದು ಅದಕ್ಕೂ ಮುಂಚಿನ ಎಚ್ಚರಿಕೆ. ಕೈಕಾಲಿನ ನರಗಳಿಗೆ ಅರಿವಳಿಕೆ ಮದ್ದು ಕೊಡುವಾಗಿನ ಪಾಡು ಬೇರೆ: ಅಲ್ಟ್ರಾಸೌಂಡ್ ಪರದೆಯಲ್ಲಿ ಮೊನೆ ಆಗಾಗ ಕಣ್ತಪ್ಪುತ್ತದೆ. ಫಿಲಿಪ್ಸ್ ಮತ್ತು ಬಿ. ಬ್ರೌನ್ ಕಂಪನಿಗಳು ಜೊತೆಗೂಡಿ ತಂದ ಆನ್‌ವಿಷನ್ ಸೂಜಿಯ ಮೊನೆಯ ಬಳಿಯ ಪುಟ್ಟ ಸಂವೇದಕ ಅಲ್ಟ್ರಾಸೌಂಡಿನ ಶಬ್ದತರಂಗಗಳನ್ನು ಹಿಡಿದು, ಮೊನೆ ಎಲ್ಲಿದೆಯೆಂದು ಪರದೆಯಲ್ಲಿ ವೃತ್ತದಿಂದ ಗುರುತಿಸುತ್ತದೆ.

ಎಂಜಿನಿಯರುಗಳು ಇಂಥ ಎಪಿಡ್ಯೂರಲ್ ಸೂಜಿಯ ಮಾದರಿ ಹಿಡಿದು ಬಂದಾಗ ನಾನು ಮೊದಲು ಹಿಡಿದು ನೋಡುವುದು ವೈರನ್ನು. ಗಟ್ಟಿ ವೈರೊಂದು ಸೂಜಿಯ ಬಾಲಕ್ಕೆ ಜೋತುಬಿದ್ದರೆ ಬೆರಳಿನ ಸ್ಪರ್ಶವೇ ಕೆಡುತ್ತದೆ. ಇದ್ದ ಒಂದು ಸುಳಿವನ್ನೂ ಕಳೆದುಕೊಂಡಂತೆ. ಸೂಜಿಯ ಒಳಕೊಳವೆಯೂ ಕಿರಿದಾಗಬಾರದು, ಏಕೆಂದರೆ ಅದರೊಳಗಿಂದಲೇ ಮದ್ದು ಹರಿಸುವ ಸಪೂರ ನಳಿಗೆ, ಕ್ಯಾತಿಟರ್, ಇಳಿಯಬೇಕು. ಒಮ್ಮೆ ಬಳಸಿ ಬಿಸಾಡುವ ವಸ್ತುವಾದ್ದರಿಂದ ತಾಲ್ಲೂಕು ಆಸ್ಪತ್ರೆಯ ಕೈಗೆಟುಕುವ ಬೆಲೆಯೂ ಇರಬೇಕು. ಇನ್ನು ಎಚ್ಚರಿಸುವ ಬೀಪ್ ಶಬ್ದ! ಬೆನ್ನು ಬಾಗಿಸಿ, ಉಸಿರು ಬಿಗಿಹಿಡಿದು ಕುಳಿತ ಹೆಣ್ಣುಮಗಳು "ಡಾಕ್ಟ್ರೇ, ಏನದು, ಏನಾಯಿತು?" ಎಂದು ಬೆಚ್ಚಿದರೆ ಸೂಜಿಯೂ ಅಲುಗುತ್ತದೆ. ಸೂಜಿಯ ಹಿಂಬದಿಯಲ್ಲಿ ಸಾಸಿವೆಯಷ್ಟು ದೀಪವೊಂದು ಬೆಳಗಿದರೆ ಸಾಕು. ಆ ಹೊತ್ತಿನಲ್ಲಿ ನನ್ನ ಕಣ್ಣು ಇರುವುದೇ ಅಲ್ಲಿ.