ಟರ್ಮಿನಲ್‌ನಲ್ಲಿ ಕಾಲಂಗಳು ಯಾಕೆ ಸೊಟ್ಟಗಾಗುತ್ತವೆ?

ವಿಜಯಪುರ ಜಿಲ್ಲೆಯ ಊರುಗಳ ಹೆಸರು, ಪಕ್ಕದಲ್ಲಿ ಒಣದ್ರಾಕ್ಷಿಯ ತೂಕ. ಇಷ್ಟನ್ನೇ ನಡುವೆ ಟ್ಯಾಬ್ ಹಾಕಿ ಟರ್ಮಿನಲ್‌ನಲ್ಲಿ, ಅಂದರೆ ಕಮಾಂಡ್ ಟೈಪ್ ಮಾಡುವ ಪರದೆಯಲ್ಲಿ, ತೋರಿಸಿ ನೋಡಿ. ಹೆಸರು ಇಂಗ್ಲಿಷ್‌ನಲ್ಲಿದ್ದರೂ ಸಾಲು ಕೆಡುತ್ತದೆ. ಇಂಡಿಗೆ 4 ಅಕ್ಷರ, ಹಾಗಾಗಿ ತೂಕ 8 ಮನೆ (ಒಂದು ಮನೆ ಅಂದರೆ ಒಂದು ಅಕ್ಷರ ಕೂರುವ ಜಾಗ) ಬಿಟ್ಟು ಶುರು. ಮುದ್ದೇಬಿಹಾಳಕ್ಕೆ 10, ತೂಕ 16 ಬಿಟ್ಟು. ಟ್ಯಾಬ್‌ಗೆ ಪಟ್ಟಿಗಿಟ್ಟಿ ಗೊತ್ತಿಲ್ಲ. ಎಂಟೆಂಟು ಮನೆಗೆ ಒಂದು ನಿಲ್ದಾಣ, ಮುಂದಿನದಕ್ಕೆ ಜಿಗಿಯುತ್ತದೆ, ಅಷ್ಟೇ.

ಈ ಮನೆಗಳ ಲೆಕ್ಕ ಹಳೆಯದು. 1928ರಲ್ಲಿ ಐಬಿಎಂ ತಂದ ಪಂಚ್ ಕಾರ್ಡ್‌ನಲ್ಲಿ (ತೂತು ಹೊಡೆದು ಮಾಹಿತಿ ತುಂಬುವ ರಟ್ಟು) 80 ಕಾಲಂ ಇದ್ದವು. 1978ರ ವಿಟಿ100 ಟರ್ಮಿನಲ್ ಕೂಡ ಮಾಮೂಲಾಗಿ ಸಾಲಿಗೆ 80 ಅಕ್ಷರ ತೋರಿಸುತ್ತಿತ್ತು. ಒಂದು ಅಕ್ಷರಕ್ಕೆ ಒಂದು ಮನೆ, ಎಲ್ಲ ಮನೆಗೂ ಒಂದೇ ಅಗಲ.

ಕಾಲಂ ಜೋಡಿಸಲು ಯುನಿಕ್ಸ್ ಎಂಬ ಆಪರೇಟಿಂಗ್ ಸಿಸ್ಟಮ್‌ನಲ್ಲಿ ಮೊದಲಿಗೆ ಇದ್ದದ್ದು 'ಪಿಆರ್' (pr) ಕಮಾಂಡ್. ಅದು ಕಾಗದದ ಕಾಲದ್ದು: ಪುಟಕ್ಕೆ 66 ಸಾಲು, ತಲೆಯ ಮೇಲೆ ತಾರೀಖು. ಆಮೇಲೆ ಬರ್ಕ್ಲಿ ವಿಶ್ವವಿದ್ಯಾಲಯದವರು ಫೈಲ್ ಪಟ್ಟಿ ತೋರಿಸುವ 'ಎಲ್‌ಎಸ್' (ls) ಕಮಾಂಡ್ ಪರದೆಯ ಮೇಲೆ ಫೈಲ್ ಹೆಸರುಗಳನ್ನು ಅಕ್ಕಪಕ್ಕ ಜೋಡಿಸುವಂತೆ ಮಾಡಿದರು. ಅವರದ್ದೇ ಯುನಿಕ್ಸ್ ಆವೃತ್ತಿಯಾದ 1990ರ 4.3ಬಿಎಸ್‌ಡಿ-ರೀನೋದಲ್ಲಿ 'ಕಾಲಂ' (column) ಎಂಬ ಕಮಾಂಡೇ ಬಂತು.

ಈ ಕಮಾಂಡ್‌ನ ಜಾಣತನ ಅದರ 'ಟಿ' (-t) ಆಯ್ಕೆಯಲ್ಲಿದೆ. ಮೊದಲು ಎಲ್ಲ ಸಾಲುಗಳನ್ನೂ ಓದಿಕೊಳ್ಳುತ್ತದೆ. ಪ್ರತಿ ಕಾಲಂನಲ್ಲಿ ಅತಿ ಉದ್ದದ್ದು ಯಾವುದು ಅಂತ ನೋಡುತ್ತದೆ. ಆಮೇಲೆ ಉಳಿದವಕ್ಕೆ ಖಾಲಿ ಜಾಗ ತುಂಬಿ ಬರೆಯುತ್ತದೆ. ಅದಕ್ಕೇ ನಿಲ್ಲದೆ ಬರುತ್ತಿರುವ ಲಾಗ್ (ಪ್ರೋಗ್ರಾಂ ಬರೆಯುತ್ತಾ ಹೋಗುವ ದಾಖಲೆ) ಅನ್ನು ಇದಕ್ಕೆ ಕೊಟ್ಟರೆ ಪರದೆ ಸುಮ್ನೆ ಖಾಲಿ ಇರುತ್ತದೆ. ಇನ್ನೊಂದು ಕಿರಿಕಿರಿ ಬಸವನ ಬಾಗೇವಾಡಿಯದ್ದು. ನಡುವೆ ಸ್ಪೇಸ್ ಇರುವುದರಿಂದ ಒಂದೇ ಊರು ಎರಡು ಕಾಲಂ ಆಗಿಬಿಡುತ್ತದೆ! ಫೈಲ್‌ನಲ್ಲಿ ಅಲ್ಪವಿರಾಮ ಬಳಸಿ, 'ಎಸ್' (-s) ಆಯ್ಕೆಯಲ್ಲಿ ಅದನ್ನು ಹೇಳಿದರೆ ಸರಿಹೋಗುತ್ತದೆ.

ನಿಜವಾದ ತಲೆನೋವು ಕನ್ನಡದಲ್ಲಿ ಬರೆದಾಗ. 'ಇಂಡಿ' ಕಣ್ಣಿಗೆ ಎರಡೇ ಅಕ್ಷರ, ಅಲ್ವಾ? ಎಲ್ಲ ಭಾಷೆಯ ಅಕ್ಷರಗಳಿಗೂ ಸಂಖ್ಯೆ ಕೊಡುವ ಯುನಿಕೋಡ್‌ಗೆ ಅದು ನಾಲ್ಕು: ಇ, ಸೊನ್ನೆ, ಡ, ಗುಡಿಸು. ಅವನ್ನು ಫೈಲ್‌ನಲ್ಲಿ ಬರೆದಿಡುವ ಯುಟಿಎಫ್-8 ಪದ್ಧತಿಯಲ್ಲಿ ಒಂದೊಂದಕ್ಕೂ 3 ಬೈಟ್, ಒಟ್ಟು 12. ಟರ್ಮಿನಲ್‌ನಲ್ಲಿ ಕಮಾಂಡ್ ನಡೆಸುವ ಬ್ಯಾಶ್‌ನ 'ಪ್ರಿಂಟ್‌ಎಫ್'ಗೆ (ಪದಗಳನ್ನು ಹೇಳಿದ ಅಗಲದಲ್ಲಿ ಬರೆಯುವ ಕಮಾಂಡ್) 12 ಮನೆಯ ಅಗಲ ಕೊಟ್ಟರೆ ಅದು ಬೈಟ್ ಎಣಿಸುತ್ತದೆ, ಜಾಗ ತುಂಬಿತು ಅಂದುಕೊಳ್ಳುತ್ತದೆ, ಒಂದು ಸ್ಪೇಸನ್ನೂ ಹಾಕುವುದಿಲ್ಲ. ಇಂಗ್ಲಿಷ್‌ನ ಇಂಡಿಗಾದರೆ 8 ಸ್ಪೇಸ್ ಸಿಗುತ್ತವೆ. ಲಿನಕ್ಸ್‌ನ 'ಕಾಲಂ' ಇಷ್ಟು ಪೆದ್ದಲ್ಲ, ಬೈಟ್ ಬಿಟ್ಟು ಅಕ್ಷರದ ಅಗಲ ಕೇಳುತ್ತದೆ. ಆದರೆ ಅದು ಕೇಳಿದ ಅಗಲ ಒಂದು, ಫಾಂಟ್ ಬರೆಯುವ ಅಗಲ ಇನ್ನೊಂದು. ಒತ್ತಕ್ಷರ ಬಂದರಂತೂ ವ್ಯತ್ಯಾಸ ಇನ್ನೂ ಜಾಸ್ತಿ. ಇದನ್ನು ಯಾವ ಆಯ್ಕೆಯೂ ಪೂರ್ತಿ ಸರಿಮಾಡುವುದಿಲ್ಲ.

ನಾನಂತೂ ತೂಕವನ್ನು ಮೊದಲ ಕಾಲಂನಲ್ಲಿ, ಕನ್ನಡದ ಹೆಸರನ್ನು ಕೊನೆಯದರಲ್ಲಿ ಇಡುತ್ತೇನೆ. ಅದರ ಬಲಕ್ಕೆ ಏನೂ ಇಲ್ಲದಿದ್ದರೆ ಅದು ಎಷ್ಟು ಅಗಲ ಆದರೂ ಯಾರಿಗೂ ತೊಂದರೆ ಇಲ್ಲ.