ರಕ್ತ ಹಾಕುವಾಗ ರಿಯಾಕ್ಷನ್: ವಿಆರ್ ಅಭ್ಯಾಸಕ್ಕೆ ಟಿಪ್ಪಣಿ

ರಕ್ತ ಹಾಕುವಾಗ ತೀವ್ರ ರಿಯಾಕ್ಷನ್ ಆಗುವುದು ಅಪರೂಪ. ನರ್ಸಿಂಗ್ ವಿದ್ಯಾರ್ಥಿಗಳಾದ ನಿಮ್ಮ ನಾಲ್ಕು ವರ್ಷದ ವಾರ್ಡ್ ಪೋಸ್ಟಿಂಗ್ ಮುಗಿದರೂ ಒಂದೂ ಕಣ್ಣಿಗೆ ಬೀಳದಿರಬಹುದು. ಆದ ದಿನ ಮಾತ್ರ ಮೊದಲ ಕೆಲವು ನಿಮಿಷದಲ್ಲಿ ನರ್ಸ್ ಏನು ಮಾಡುತ್ತಾರೆ ಎಂಬುದರ ಮೇಲೆ ರೋಗಿಯ ಜೀವ ನಿಂತಿರುತ್ತದೆ. ವಿಆರ್‌ನಲ್ಲಿ, ಅಂದರೆ ಹೆಡ್‌ಸೆಟ್ ಹಾಕಿಕೊಂಡಾಗ ಕಣ್ಣೆದುರು ಕಾಣುವ ಕೃತಕ ವಾರ್ಡಿನಲ್ಲಿ (ವರ್ಚುವಲ್ ರಿಯಾಲಿಟಿ), ಕಲಿಯಲೇಬೇಕಾದದ್ದು ಇಂಥವನ್ನೇ.

ಮೊದಲು ಹೆಡ್‌ಸೆಟ್. ಸುತ್ತ 2 ಮೀಟರ್ ಉದ್ದ, 2 ಮೀಟರ್ ಅಗಲ ಜಾಗ ಖಾಲಿ ಇರಲಿ. ಲೆನ್ಸ್‌ಗಳ ಅಂತರವನ್ನು ನಿಮ್ಮ ಕಣ್ಣುಗಳಿಗೆ ಸರಿಹೊಂದಿಸಿಕೊಳ್ಳಿ. ಇಲ್ಲವಾದರೆ ಬ್ಯಾಗಿನ ಲೇಬಲ್ ಮಂಜಾಗಿ ಕಾಣುತ್ತದೆ, ತಲೆನೋವೂ ಬರುತ್ತದೆ. ನಿಂತಲ್ಲೇ ನಿಂತು ವಾರ್ಡಿನಲ್ಲಿ ಜಾರಿಕೊಂಡು ಹೋದರೆ ಕಣ್ಣಿಗೆ ಚಲನೆ ಕಾಣುತ್ತದೆ, ಒಳಕಿವಿಗೆ ತಿಳಿಯುವುದಿಲ್ಲ. ವಾಕರಿಕೆ ಬರುವುದು ಇದರಿಂದಲೇ. ಆದ್ದರಿಂದ ಒಂದೆಡೆಯಿಂದ ಇನ್ನೊಂದೆಡೆಗೆ ಜಿಗಿಯುವ ಟೆಲಿಪೋರ್ಟ್ ಆಯ್ಕೆಯನ್ನೇ ಇಟ್ಟುಕೊಳ್ಳಿ. ವಾಕರಿಕೆ ಶುರುವಾದರೆ ತಡೆದುಕೊಳ್ಳದೆ ಹೆಡ್‌ಸೆಟ್ ತೆಗೆದುಬಿಡಿ.

ಇನ್ನು ರೋಗಿ. ರಕ್ತ ಶುರುವಾದ ಮೇಲೆ ಮೊದಲ 15 ನಿಮಿಷ ಹಾಸಿಗೆ ಬಿಟ್ಟು ಕದಲಬಾರದು. ಚಳಿ ನಡುಕ, ಜ್ವರ, ಸೊಂಟದಲ್ಲಿ ನೋವು, ಎದೆ ಬಿಗಿತ, ಇಳಿಯುವ ಬಿಪಿ: ಗುಂಪು ಹೊಂದದ ರಕ್ತ ಹೋಗುತ್ತಿರಬಹುದು ಎಂದೇ ತಿಳಿಯಿರಿ. ತಕ್ಷಣ ಟ್ಯೂಬಿನ ಕ್ಲ್ಯಾಂಪ್ ಮುಚ್ಚಿ ರಕ್ತ ನಿಲ್ಲಿಸಿ. ರಕ್ತನಾಳದಲ್ಲಿರುವ ಕ್ಯಾನುಲಾ (ಸಣ್ಣ ಕೊಳವೆ) ತೆಗೆಯಬೇಡಿ, ಔಷಧಿ ಕೊಡಲು ಅದೇ ದಾರಿ. ಹಳೆಯ ಸೆಟ್ (ಬ್ಯಾಗಿನಿಂದ ಕ್ಯಾನುಲಾವರೆಗಿನ ಟ್ಯೂಬು) ಪೂರ್ತಿ ಬಿಚ್ಚಿ, ಹೊಸ ಸೆಟ್‌ನಲ್ಲಿ 0.9% ಸ್ಯಾಲೈನ್ ಹಾಕಿ. ಹೆಚ್ಚು ಜನ ಎಡವುವುದು ಇಲ್ಲೇ. ಅವಸರದಲ್ಲಿ ಹಳೆಯ ಸೆಟ್‌ಗೇ ಸ್ಯಾಲೈನ್ ಬಾಟಲಿ ಚುಚ್ಚುತ್ತಾರೆ. ಟ್ಯೂಬಿನಲ್ಲಿ ಉಳಿದ ರಕ್ತವೆಲ್ಲ ಸ್ಯಾಲೈನ್ ಜೊತೆ ರೋಗಿಯ ಮೈಸೇರುತ್ತದೆ. ಉಸಿರಾಟ, ನಾಡಿ, ಬಿಪಿ ನೋಡುತ್ತಲೇ ಡಾಕ್ಟರನ್ನು ಕರೆಸಿ, ಬ್ಲಡ್ ಬ್ಯಾಂಕಿಗೆ ತಿಳಿಸಿ. ಕೈಪಟ್ಟಿಯ ಹೆಸರು, ನಂಬರು ಬ್ಯಾಗಿನ ಲೇಬಲ್ಲಿಗೆ ತಾಳೆಯಾಗುತ್ತದೆಯೇ ಎಂದು ಮತ್ತೊಮ್ಮೆ ಓದಿ. ಬ್ಯಾಗ್, ಸೆಟ್ ಎರಡನ್ನೂ ಎಸೆಯಬೇಡಿ, ಬ್ಲಡ್ ಬ್ಯಾಂಕಿಗೆ ವಾಪಸ್ ಹೋಗಬೇಕು. ಹೊಸದಾಗಿ ತೆಗೆದ ರಕ್ತದ ಮತ್ತು ಮೂತ್ರದ ಸ್ಯಾಂಪಲ್ ಕೂಡ ಬೇಕಾಗುತ್ತದೆ.

ಕೆಲವು ಸಾಫ್ಟ್‌ವೇರ್‌ಗಳಲ್ಲಿ ಮುಂದಿನ ಹೆಜ್ಜೆ ಮೆನುವಿನಲ್ಲೇ ತೋರಿಬರುತ್ತದೆ. ಆಗ ಅದು ನೆನಪಿನ ಪರೀಕ್ಷೆಯಲ್ಲ, ಗುರುತು ಹಿಡಿಯುವ ಆಟ. ಎರಡನೆಯ ಸಲ ಸುಳಿವುಗಳನ್ನು ಆಫ್ ಮಾಡಿ, ಮಾಡುವ ಪ್ರತಿ ಕೆಲಸವನ್ನೂ ಬಾಯಿಬಿಟ್ಟು ಹೇಳುತ್ತ ಮಾಡಿ.

ಕೈಯ ಕೆಲಸ ಮಾತ್ರ ವಿಆರ್‌ನಲ್ಲಿ ಬರುವುದಿಲ್ಲ. ಕೈ ಶುಚಿಮಾಡಿಕೊಳ್ಳುವ ಹ್ಯಾಂಡ್‌ರಬ್ ಅಲ್ಲಿ ಒಂದು ಕ್ಲಿಕ್. ನಿಜವಾಗಿ 20ರಿಂದ 30 ಸೆಕೆಂಡ್ ಉಜ್ಜಬೇಕು. ಉಸಿರಿನ ಸಂಖ್ಯೆ ಮಾನಿಟರಿನಲ್ಲಿ ಸಿದ್ಧವಾಗಿರುತ್ತದೆ. ವಾರ್ಡಿನಲ್ಲಿ ಎದೆ ಏರಿಳಿಯುವುದನ್ನು ನೋಡುತ್ತ ಪೂರ್ತಿ ಒಂದು ನಿಮಿಷ ಎಣಿಸಬೇಕು. ಕೈಯಲ್ಲಿ ಹಿಡಿದ ವಿಆರ್ ಕಂಟ್ರೋಲರ್ ಎಷ್ಟೇ ನಡುಗಿದರೂ ಅದು ನಾಡಿಯಲ್ಲ. ಸೆಟ್ ಚುಚ್ಚುವುದು, ಟ್ಯೂಬಿನ ಗಾಳಿ ತೆಗೆಯುವುದು ಅದೇ ದಿನ ಸ್ಕಿಲ್ ಲ್ಯಾಬಿನಲ್ಲಿ ಆಗಲಿ.

ಅಭ್ಯಾಸ 15 ನಿಮಿಷವಾದರೆ ಚರ್ಚೆಗೆ 30 ನಿಮಿಷವಾದರೂ ಇಡಿ. ಅಂಕಕ್ಕಿಂತ ಒಂದು ಲೆಕ್ಕ ಮುಖ್ಯ: ರೋಗಿ “ಸೊಂಟ ನೋಯ್ತಿದೆ ಸಿಸ್ಟರ್” ಎಂದಾಗಿನಿಂದ ಕ್ಲ್ಯಾಂಪ್ ಮುಚ್ಚುವವರೆಗೆ ಎಷ್ಟು ಸೆಕೆಂಡ್ ಹೋಯಿತು, ಆ ಹೊತ್ತಿನಲ್ಲಿ ನಿಮ್ಮ ಕಣ್ಣು ಎಲ್ಲಿತ್ತು?